ಭೀಮಬಾಯಿ ಇಲ್ಲೇ ಇದ್ದಾಳೆಂಬುದಕ್ಕೆ ಇಬ್ಬರು ಸಾಕ್ಷಿ

ಸುದ್ದಿ ಬರೆಯುವವನಿಗೆ ಮೊದಲ ದಿನವೇ ಕಲಿಸುವ ಪಾಠವೆಂದರೆ ತಾನು ಎಲ್ಲೂ ಇಲ್ಲ ಎಂಬಂತೆ ಬರೆಯುವುದು. ಆಲಿಕಲ್ಲು ತನ್ನ ತಲೆಯ ಮೇಲೇ ಬಿದ್ದಿದ್ದರೂ ‘ಆಲಿಕಲ್ಲು ಮಳೆಯಾಗಿದೆ ಎಂದು ಸ್ಥಳೀಯರು ತಿಳಿಸಿದ್ದಾರೆ’ ಎಂದೇ ಬರೆಯಬೇಕು. ಆ ಸ್ಥಳೀಯ ತಾನೇ ಆಗಿದ್ದರೆ ಅದು ಅವನ ಖಾಸಗಿ ವಿಷಯ. ಇಪ್ಪತ್ತೆರಡು ವರ್ಷ ಹೀಗೆ ಬರೆದು ಬರೆದು ನನ್ನ ಬಾಯಿಂದ ಒಂದು ನೇರ ಉತ್ತರ ಹೊರಡುವುದೇ ಕಷ್ಟವಾಗಿದೆ. ‘ಸಾರಿಗೆ ಉಪ್ಪು ಸಾಕೇನ್ರಿ?’ ಎಂದು ಹೆಂಡತಿ ಕೇಳಿದರೆ, ‘ಸಾಕಾದಂಗ ಕಾಣ್ತದ, ಹುಡುಗೂರ್ನೂ ಒಂದ್ ಮಾತು ಕೇಳು’ ಎನ್ನುತ್ತೇನೆ. ಮದುವೆಯಾದ ಹೊಸದರಲ್ಲಿ ಅವಳು ಇದನ್ನು ಸೌಜನ್ಯ ಎಂದುಕೊಂಡಿದ್ದಳು. ಈಗ ರೋಗ ಎನ್ನುತ್ತಾಳೆ. ರೋಗವೇ ಇರಬಹುದು. ಆದರೆ ಈ ರೋಗದಿಂದ ಮತ್ತೊಬ್ಬರ ಮನೆ ಕೈತಪ್ಪುವ ಹಂತಕ್ಕೆ ಬರುತ್ತದೆಂದು ನನಗೆ ಗೊತ್ತಿರಲಿಲ್ಲ.

ನಾನು ಶಹಾಪುರದವನು. ಯಾದಗಿರಿ ಜಿಲ್ಲೆಯಾದ ಮೇಲೆ ಇಲ್ಲಿಗೊಬ್ಬ ವರದಿಗಾರ ಬೇಕೆಂದು ಪತ್ರಿಕೆಯವರು ನನ್ನನ್ನು ಕಳಿಸಿದರು. ‘ಸದ್ಯಕ್ಕ ಹೋಗಿರ್ರಿ, ಆಮ್ಯಾಲ ನೋಡೋಣು’ ಎಂದಿದ್ದರು. ಸದ್ಯಕ್ಕೆಂದು ಹಿಡಿದ ಬಾಡಿಗೆ ಕೋಣೆಯಲ್ಲಿ ಹದಿಮೂರು ವರ್ಷ ಕಳೆದವು. ಅವರು ಇನ್ನೂ ನೋಡಿಲ್ಲ. ಹೆಂಡತಿ ಶಹಾಪುರದ ಶಾಲೆಯೊಂದರಲ್ಲಿ ಟೀಚರು, ಮಕ್ಕಳೂ ಅಲ್ಲೇ. ನಾನು ಶನಿವಾರ ಸಂಜೆ ಬಸ್ಸು ಹತ್ತಿ, ಸೋಮವಾರ ಬೆಳಿಗ್ಗೆ ಅದೇ ಬಸ್ಸಿನಲ್ಲಿ ಮರಳುತ್ತೇನೆ.

ಸ್ಟೇಷನ್ ಕಡೆಗಿರುವ ನಮ್ಮ ಓಣಿಯಲ್ಲಿ ನಾನು ಬಂದಾಗ ಹನ್ನೊಂದು ಮನೆಗಳು, ಹನ್ನೊಂದು ಮನೆತನಗಳಿದ್ದವು. ಈಗಲೂ ಬೀದಿಯಲ್ಲಿ ನಿಂತು ಎಣಿಸಿದರೆ ಮನೆಗಳು ಹನ್ನೊಂದೇ. ಒಳಗೆ ಎಷ್ಟು ಸಂಸಾರವೆಂಬುದನ್ನು ಮಾತ್ರ ಒಲೆಗಳನ್ನು ಎಣಿಸಿಯೇ ಹೇಳಬೇಕು. ಜಿಲ್ಲೆಯಾಯಿತು, ಕಚೇರಿಗಳು ಬಂದವು, ಆಸ್ಪತ್ರೆ ದೊಡ್ಡದಾಯಿತು. ಅವುಗಳ ಹಿಂದೆ ನೌಕರರು ಬಂದರು, ನೌಕರರಿಗೆ ಮನೆ ಕಟ್ಟುವವರು ಬಂದರು, ಕಟ್ಟುವವರಿಗೂ ಮಲಗಲು ಜಾಗ ಬೇಕಾಯಿತು. ಮಾಲೀಕರು ಪಡಸಾಲೆಗೆ ಬಾಗಿಲಿಟ್ಟು ಒಂದು ಕೋಣೆ ಮಾಡಿದರು. ದನದ ಕೊಟ್ಟಿಗೆಗೆ ಟೈಲ್ಸ್ ಹಾಕಿ ಸಿಂಗಲ್ ರೂಮ್ ಎಂದರು. ಮಾಳಿಗೆಯ ಮೇಲೆ ತಗಡು ಹೊದಿಸಿ, ಹೊರಗಿನಿಂದ ಕಬ್ಬಿಣದ ಮೆಟ್ಟಿಲು ಕೊಟ್ಟು, ‘ಗಾಳಿ ಭಾಳ ಅದ’ ಎಂದು ಅದಕ್ಕೇ ಹೆಚ್ಚು ಬಾಡಿಗೆ ಹೇಳಿದರು. ಗಾಳಿ ಇದ್ದದ್ದು ಸುಳ್ಳಲ್ಲ. ಯಾದಗಿರಿಯ ಏಪ್ರಿಲ್ ತಿಂಗಳಲ್ಲಿ ತಗಡಿನ ಕೆಳಗಿನ ಗಾಳಿ ಹೇಗಿರುತ್ತದೆಂದು ಕೇಳಲು ತುಮಕೂರು, ಹಾಸನದ ಕಡೆಯಿಂದ ಬಂದವರಿಗೆ ತೋಚುತ್ತಿರಲಿಲ್ಲ. ಹೀಗೆ ಬಂದ ಬಾಡಿಗೆಯಲ್ಲಿ ಮಾಲೀಕರು ಬೈಪಾಸಿನಾಚೆ ಹೊಸ ಬಡಾವಣೆಯಲ್ಲಿ ಮನೆ ಕಟ್ಟಿಸಿಕೊಂಡು ಒಬ್ಬೊಬ್ಬರಾಗಿ ಹೋದರು. ಮೊದಲು ಸಂಜೆಗೆ ಕಟ್ಟೆಯ ಮೇಲೆ ಕೂತವರೆಲ್ಲ ಪರಸ್ಪರರ ಅಜ್ಜಂದಿರ ಹೆಸರು ಹೇಳಿ ಬೈದಾಡುತ್ತಿದ್ದರು. ಈಗ ಕಟ್ಟೆಯ ಮೇಲೆ ಬೈಕುಗಳು ನಿಂತಿವೆ. ಯಾವ ಬೈಕು ಯಾರದೆಂದು ಯಾರಿಗೂ ಗೊತ್ತಿಲ್ಲ.

ಈ ಬದಲಾವಣೆಯಲ್ಲಿ ಕದಲದೆ ಇದ್ದವಳು ನನ್ನ ಕೋಣೆಯ ಎದುರಿನ ಭೀಮಬಾಯಿ. ಹತ್ತಿರದ ರಾಮಸಮುದ್ರ ಹಳ್ಳಿಯಾಕೆ. ಗಂಡ ತೀರಿಕೊಂಡ ಮೇಲೆ ಮಗಳನ್ನು ಕರೆದುಕೊಂಡು ಇಲ್ಲಿಗೆ ಬಂದು ಒಂದು ಕೋಣೆ ಹಿಡಿದಳು. ಜೋಳದ ರೊಟ್ಟಿ ಬಡಿದು ಮಾರುತ್ತ ಮಗಳನ್ನು ಓದಿಸಿ, ಮದುವೆ ಮಾಡಿ ಕಳಿಸಿದಳು. ಗೋಡೆಯ ಮೇಲೆ ಬುದ್ಧನ ಪಟ, ಮೂಲೆಯಲ್ಲಿ ಒಲೆ, ಒಲೆಯ ಪಕ್ಕ ಕಟ್ಟಿಗೆ. ಉಳಿದ ಜಾಗದಲ್ಲಿ ಅವಳು. ನಾನು ಬರುವುದಕ್ಕಿಂತ ಒಂದು ವರ್ಷ ಮೊದಲೇ ಬಂದಿದ್ದಳಂತೆ. ಅಂದರೆ ಹದಿನಾಲ್ಕು ವರ್ಷ.

ಆ ಮನೆಯ ಮಾಲೀಕ ಬಸಣ್ಣ ಸಾಹುಕಾರರು ಒಂದು ದಿನ ಬೈಪಾಸಿನಾಚೆಯಿಂದ ಬಂದು, ಹಳೆಯದನ್ನು ಕೆಡವಿ ಮೂರಂತಸ್ತು ಎಬ್ಬಿಸುವುದಾಗಿಯೂ ತಿಂಗಳ ಕೊನೆಗೆ ಜೆಸಿಬಿ ಬರುವುದಾಗಿಯೂ ಹೇಳಿ ಹೋದರು. ಭೀಮಬಾಯಿ ಬೇರೆ ಕೋಣೆ ಹುಡುಕಿದಳು. ಹೋದಲ್ಲೆಲ್ಲ ಮೂರು ಪ್ರಶ್ನೆ. ಒಲೆ ಹಚ್ಚುತ್ತೀಯಾ? ಒಬ್ಬಳೇ ಇರುತ್ತೀಯಾ? ನೀವು ಯಾವ ಮಂದಿ? ಮೂರನೆಯದನ್ನು ಎಲ್ಲರೂ ಕೊನೆಗೆ ಕೇಳುತ್ತಿದ್ದರು, ಆದರೆ ಮೊದಲಿನಿಂದಲೂ ಕಾಯುತ್ತಿದ್ದುದು ಅದರ ಉತ್ತರಕ್ಕೇ. ‘ಹೆಸರು ಹೇಳೂತನಕ ಖೋಲಿ ಖಾಲಿ ಇರ್ತದ್ರಿ ಸರ, ಹೇಳಿದ ಕೂಡ್ಲೇ ಯಾರೋ ಅಡ್ವಾನ್ಸ್ ಕೊಟ್ಟಿರ್ತಾರ’ ಎಂದು ಅವಳು ನಗುತ್ತ ಹೇಳುತ್ತಿದ್ದಳು. ಅವಳ ನಗುವನ್ನು ಯಥಾವತ್ತಾಗಿ ವರದಿ ಮಾಡುವ ಶಕ್ತಿ ನನಗಿಲ್ಲ.

ಅಷ್ಟರಲ್ಲಿ ಊರ ಹೊರಗೆ ಸರಕಾರ ಕಟ್ಟಿಸಿದ ಮನೆಗಳ ಪಟ್ಟಿಯಲ್ಲಿ ಅವಳ ಹೆಸರು ಬಂತು. ಎಂದೋ ಯಾರೋ ಬರೆಸಿದ್ದ ಅರ್ಜಿ. ಆದರೆ ಹತ್ತು ವರ್ಷದಿಂದ ಊರಲ್ಲೇ ವಾಸವಿರಬೇಕು ಎಂಬ ಷರತ್ತಿತ್ತು. ಭೀಮಬಾಯಿಯ ರೇಷನ್ ಕಾರ್ಡು ರಾಮಸಮುದ್ರದ್ದು, ವೋಟೂ ಅಲ್ಲಿಯದೇ. ಹಾಗಿದ್ದರೆ ಇಲ್ಲೇ ಇದ್ದಾಳೆಂದು ಓಣಿಯ ಇಬ್ಬರು ಬರೆದುಕೊಡಲಿ ಎಂದರಂತೆ ನಗರಸಭೆ ಕಚೇರಿಯವರು. ಗಡುವು ಮುಂದಿನ ಶುಕ್ರವಾರ. ತಪ್ಪಿದರೆ ಮನೆ ಪಟ್ಟಿಯ ಮುಂದಿನ ಹೆಸರಿಗೆ.

‘ಪೇಪರ್ ಸರ, ನೀವು ಬರದದ್ದು ಮಂದಿ ದುಡ್ಡು ಕೊಟ್ಟು ಓದ್ತಾರ. ನಾ ಇಲ್ಲೇ ಅದೀನಿ ಅಂತ ಒಂದ್ ಹಾಳಿ ಬರಕೊಡ್ರಿ’ ಎಂದು ಬಂದಳು. ನಾನು ಸಂತೋಷದಿಂದ ಕೂತು ಬರೆದೆ. ‘ಭೀಮಬಾಯಿ ಎಂಬವರು ಸುಮಾರು ಹದಿನಾಲ್ಕು ವರ್ಷಗಳಿಂದ ಈ ಓಣಿಯಲ್ಲಿ ವಾಸವಾಗಿದ್ದಾರೆ ಎಂದು ಹೇಳಲಾಗುತ್ತಿದೆ. ರೊಟ್ಟಿ ಮಾರಾಟದಿಂದ ಜೀವನ ಸಾಗಿಸುತ್ತಿರುವುದಾಗಿ ಮೂಲಗಳು ತಿಳಿಸಿದ್ದು, ಈ ಕುರಿತು ಹೆಚ್ಚಿನ ಮಾಹಿತಿ ಲಭ್ಯವಾಗಬೇಕಿದೆ.’ ಎರಡೇ ವಾಕ್ಯ, ಯಾರ ಪರವೂ ಇಲ್ಲ, ವಿರೋಧವೂ ಇಲ್ಲ. ಓದಿಕೊಂಡಾಗ ನನಗೇ ಮೆಚ್ಚುಗೆಯಾಯಿತು.

ಕಚೇರಿಯ ಗುಮಾಸ್ತ ಮಂಡ್ಯ ಕಡೆಯ ಹುಡುಗ, ಕೆಲಸಕ್ಕೆ ಸೇರಿ ವರ್ಷವಾಗಿರಬೇಕು. ಅವನು ಹಾಳೆಯನ್ನು ಎರಡು ಸಲ ಓದಿದ.

‘ಸರ್, ಹೇಳಲಾಗುತ್ತಿದೆ ಅಂದ್ರೆ ಯಾರು ಹೇಳ್ತಿರೋದು?’

‘ನಾನು’ ಎಂದೆ.

‘ಮೂಲಗಳು ಅಂದ್ರೆ?’

‘ಅದೂ ನಾನೇ.’

‘ಹಂಗಾದ್ರೆ ನಾನು ಅಂತ ಬರೀಬಾರ್ದಾ ಸರ್? ಹೆಚ್ಚಿನ ಮಾಹಿತಿ ಲಭ್ಯವಾಗಬೇಕಿದೆ ಅಂತ ನೀವೇ ಬರೆದುಕೊಟ್ರೆ ನಮ್ಮ ಸಾಹೇಬ್ರು ಲಭ್ಯವಾಗಲಿ ಅಂತ ಫೈಲು ಎತ್ತಿಟ್ಟುಬಿಡ್ತಾರೆ.’

ಪಕ್ಕದಲ್ಲಿ ನಿಂತಿದ್ದ ಭೀಮಬಾಯಿ ಸೆರಗು ಸೊಂಟಕ್ಕೆ ಸಿಕ್ಕಿಸಿದಳು. ‘ಹದಿಮೂರು ವರ್ಷ ನನ್ನ ರೊಟ್ಟಿ ತಿಂದೀರಿ. ದಿನಾ ಮುಂಜಾನಿ ಬಾಗ್ಲ ತೆಗದ್ರ ನನ್ನ ಮಾರೀನೇ ನೋಡ್ತೀರಿ. ನಾ ಅದೀನೋ ಇಲ್ಲೋ ಅಂಬೋದು ನಿಮಗೂ ಅನುಮಾನ ಏನ್ರಿ? ಖಾರ ಹೆಚ್ಚಾದ್ರ ಮಾತ್ರ ಭೀಮಬಾಯಿ ಅಂತ ಬರೋಬರಿ ಹೆಸರ ಹಿಡದು ಒದರ್ತೀರಲ್ಲ!’

ಕಚೇರಿಯಲ್ಲಿ ಕೂತವರೆಲ್ಲ ತಲೆಯೆತ್ತಿ ನೋಡಿದರು. ನಾನು ಅಲ್ಲೇ ಕಿಟಕಿಯ ಕಟ್ಟೆಯ ಮೇಲೆ ಹಾಳೆಯಿಟ್ಟು ಮತ್ತೆ ಬರೆದೆ. ‘ಭೀಮಬಾಯಿ ನನ್ನ ಎದುರುಮನೆಯವರು. ಹದಿಮೂರು ವರ್ಷದಿಂದ ನಾನು ಕಣ್ಣಾರೆ ನೋಡುತ್ತಿದ್ದೇನೆ.’ ಬರೆದ ಮೇಲೆ ಯಾರಾದರೂ ಉಪಸಂಪಾದಕರು ಬಂದು ಹೊಡೆದುಹಾಕುತ್ತಾರೇನೋ ಎಂದು ಒಂದು ಕ್ಷಣ ಕಾದೆ. ಯಾರೂ ಬರಲಿಲ್ಲ. ಸಹಿ ಹಾಕಿ ಕೊಟ್ಟೆ. ಗುಮಾಸ್ತ ಖುಷಿಯಿಂದ, ‘ಈಗ ಸರಿಯಾಯ್ತು. ನಿಮ್ಮ ವೋಟರ್ ಕಾರ್ಡು ಕೊಡಿ ಸರ್’ ಎಂದ. ಕೊಟ್ಟೆ. ತಿರುಗಿಸಿ ನೋಡಿ ಅವನ ಮುಖ ಇಳಿಯಿತು.

‘ಸರ್, ಇದು ಶಹಾಪುರದ್ದು. ನೀವೇ ಇಲ್ಲಿಯವರಲ್ವಲ್ಲ.’

‘ಹದಿಮೂರು ವರ್ಷದಿಂದ ಇಲ್ಲೇ ಇದ್ದೀನಪ್ಪಾ.’

‘ಇರಬಹುದು ಸರ್’ ಎಂದು ಅವನು ಬಹಳ ಮರ್ಯಾದೆಯಿಂದ ಕಾರ್ಡು ಮರಳಿಸಿದ. ‘ಕಾಗದದಲ್ಲಿ ಇಲ್ಲಿಯವರಾಗಿರೋ ಇಬ್ಬರನ್ನ ಹುಡುಕಿ.’

ಹುಡುಕುವುದು ನನ್ನ ಕೆಲಸವೇ ತಾನೆ. ಮರುದಿನ ಬೆಳಿಗ್ಗೆ ಪೆನ್ನು, ನೋಟ್‌ಬುಕ್ಕು ಹಿಡಿದು ಓಣಿಯ ಈ ತುದಿಯಿಂದ ಹೊರಟೆ. ಹದಿಮೂರು ವರ್ಷದಲ್ಲಿ ಆ ಬಾಗಿಲುಗಳಲ್ಲಿ ಮುಕ್ಕಾಲು ಪಾಲನ್ನು ನಾನು ತಟ್ಟಿರಲಿಲ್ಲ ಎಂಬುದು ತಟ್ಟುವಾಗ ಗೊತ್ತಾಯಿತು. ನನ್ನ ಪ್ರಶ್ನೆಗಳು ನಾಲ್ಕೇ: ಯಾರು, ಎಲ್ಲಿಯವರು, ಎಷ್ಟು ವರ್ಷವಾಯಿತು, ಕಾರ್ಡು ಎಲ್ಲಿಯದು. ಕೊಟ್ಟಿಗೆಯ ಸಿಂಗಲ್ ರೂಮಿನಲ್ಲಿ ರಾಜಸ್ಥಾನದ ನಾಲ್ವರು ಗ್ರಾನೈಟ್ ಕೂರಿಸುವವರಿದ್ದರು. ಊರಿನ ಅರ್ಧ ಮನೆಗಳ ನೆಲ ಅವರದೇ ಕೈಯದು, ಅವರ ಕೋಣೆಯ ನೆಲ ಮಾತ್ರ ಗುಂಡಿಬಿದ್ದಿತ್ತು. ಪಡಸಾಲೆಯ ಕೋಣೆಯಲ್ಲಿ ಗುರುಮಠಕಲ್ ಕಡೆಯ ದಂಪತಿ ಕಿರಾಣಿ ಇಟ್ಟಿದ್ದರು. ಗಂಡ ತೆಲುಗಿನಲ್ಲಿ ಲೆಕ್ಕ ಹಾಕಿ ಹೆಂಡತಿ ಕನ್ನಡದಲ್ಲಿ ವಸೂಲಿ ಮಾಡುತ್ತಿದ್ದಳು. ಹಿಂದಿನ ಮನೆಯಲ್ಲಿ ತಿಂಥಣಿಯಿಂದ ಬಂದು ಮೀನು ಮಾರುವವರು. ನನ್ನ ಪಕ್ಕದ ಕೋಣೆಯಲ್ಲಿ ತುಮಕೂರಿನ ಕಡೆಯ ನರ್ಸ್. ಎರಡು ವರ್ಷದಿಂದ ಒಂದೇ ಗೋಡೆಯ ಆಚೀಚೆ ಇದ್ದೇವೆ, ಆಕೆಗೆ ಕಾಫಿ ಇಲ್ಲದಿದ್ದರೆ ತಲೆನೋವು ಬರುತ್ತದೆಂಬುದು ಅಂದು ತಿಳಿಯಿತು. ಎಲ್ಲರೂ ಕರೆದು ಕೂರಿಸಿದರು, ನೀರು ಕೊಟ್ಟರು, ಕಾರ್ಡು ತೋರಿಸಿದರು. ಒಂದಾದರೂ ಯಾದಗಿರಿಯದಲ್ಲ.

ಆಮೇಲೆ ಮತದಾರರ ಪಟ್ಟಿ ತರಿಸಿ ನೋಡಿದೆ. ನಮ್ಮ ಓಣಿಯ ಹೆಸರಲ್ಲಿ ಎರಡು ಪುಟ ತುಂಬ ಜನ. ಒಬ್ಬೊಬ್ಬರನ್ನೇ ವಿಚಾರಿಸಿದರೆ ಕೆಲವರು ಬೈಪಾಸಿನಾಚೆ, ಕೆಲವರು ಹೈದರಾಬಾದು, ಮೂವರು ಸ್ವರ್ಗ. ಕಾಗದದಲ್ಲಿ ಓಣಿ ತುಂಬಿತ್ತು, ಆದರೆ ಅವರಲ್ಲಿ ಒಬ್ಬರೂ ಓಣಿಯಲ್ಲಿರಲಿಲ್ಲ. ಓಣಿಯೂ ತುಂಬಿತ್ತು, ಆದರೆ ಅವರಲ್ಲಿ ಒಬ್ಬರೂ ಕಾಗದದಲ್ಲಿರಲಿಲ್ಲ. ಇಷ್ಟು ವರ್ಷ ಊರಿನ ಬೆಳವಣಿಗೆಯ ಬಗ್ಗೆ ಲೇಖನ ಬರೆದವನಿಗೆ ಇದು ಹೊಳೆದಿರಲಿಲ್ಲ. ಯಾಕೆಂದರೆ ಅವನ್ನೆಲ್ಲ ನಾನು ಕಚೇರಿಗಳಲ್ಲಿ ಕೂತು ಬರೆದಿದ್ದೆ.

ಬೈಪಾಸಿನಾಚೆಯ ಉಳಿದವರು ‘ನಮಗ್ಯಾಕ್ರಿ’ ಎಂದು ಜಾರಿಕೊಂಡರು. ಒಂದು ಸಹಿಯಾದರೂ ಸಿಗುವ ಆಸೆಯಿದ್ದದ್ದು ಪಟ್ಟಿಯಲ್ಲಿ ಒಬ್ಬರಿಂದಲೇ: ಬಸಣ್ಣ ಸಾಹುಕಾರರು. ವೋಟು ಇಲ್ಲೇ ಉಳಿಸಿಕೊಂಡಿದ್ದರು. ಅವಳಿಗೆ ಮನೆ ಸಿಕ್ಕರೆ ಅವರಿಗೂ ಜಾಗ ತಕರಾರಿಲ್ಲದೆ ತೆರವಾಗುತ್ತದೆ, ಆದ್ದರಿಂದ ಕೂಡಲೇ ಸಹಿ ಹಾಕುತ್ತಾರೆಂದು ಬೈಪಾಸಿನಾಚೆ ಹೋದೆ. ಚಹಾ ಕುಡಿಸಿದರು. ಹಾಳೆ ತೋರಿಸಿದೊಡನೆ ಕನ್ನಡಕ ತೆಗೆದಿಟ್ಟರು.

‘ಹದ್ನಾಕು ವರ್ಷ ಅಂತ ಬರದೀರಲ್ರಿ! ನಾ ಸಹಿ ಮಾಡಿದ್ರ ನಾಳಿ ಆಕಿ ಕೋರ್ಟಿಗೆ ಹೋಗಿ ಮನೀನೇ ನಂದು ಅಂತಾಳ.’

‘ಆಕಿಗೆ ಸರಕಾರದ ಮನಿ ಸಿಗಲಿ ಅಂತಲೇ ಈ ಸಹಿ ಸಾಹುಕಾರ್ರೆ.’

‘ಆರು ತಿಂಗಳು ಅಂತ ಬರೀರಿ, ಈಗ್ಲೇ ಮಾಡ್ತೀನಿ.’

‘ಆರು ತಿಂಗಳಾದ್ರ ಮನಿ ಸಿಗಂಗಿಲ್ರಿ.’

‘ಹಂಗಾದ್ರ ನನಗ ಆಕಿ ಗುರ್ತೇ ಇಲ್ಲ’ ಎಂದು ಸಾಹುಕಾರರು ಕನ್ನಡಕ ಹಾಕಿಕೊಂಡರು.

ಬುಧವಾರ ಬರಿಗೈಯಲ್ಲಿ ಕಚೇರಿಗೆ ಹೋಗಿ ಗುಮಾಸ್ತನಿಗೆ ನನ್ನ ನೋಟ್‌ಬುಕ್ಕನ್ನೇ ತೋರಿಸಿದೆ. ಅವನು ಒಂದೊಂದೇ ಪುಟ ತಿರುವಿದ. ಅವನಿಗೂ ಕುತೂಹಲ ಹುಟ್ಟಿತೆಂದು ಕಾಣುತ್ತದೆ. ಒಳಗೆ ಹೋಗಿ ಸಾಹೇಬರನ್ನು ಕೇಳಿ ಬಂದು, ಕಾರ್ಡಿನ ಸಾಕ್ಷಿಗಳು ಇಲ್ಲದಿದ್ದರೆ ತಾನೇ ಸ್ಥಳಕ್ಕೆ ಬಂದು ಇದ್ದವರನ್ನು ವಿಚಾರಿಸಿ ಪಂಚನಾಮೆ ಮಾಡಬಹುದಂತೆ, ಆದರೆ ಹತ್ತು ವರ್ಷ ತುಂಬಲೇಬೇಕಂತೆ ಎಂದ. ಅರ್ಜಿಯ ಪರ ಓಡಾಡುತ್ತಿರುವ ನನ್ನ ಹೇಳಿಕೆ ಮಾತ್ರ ನಡೆಯದಂತೆ. ನನ್ನನ್ನು ಬಿಟ್ಟರೆ ಓಣಿಯಲ್ಲಿ ಇದ್ದವರಲ್ಲಿ ಯಾರೂ ಆರು ವರ್ಷ ದಾಟಿರಲಿಲ್ಲ.

ಗುರುವಾರ ಬೆಳಿಗ್ಗೆ ಗುಮಾಸ್ತ ಬಂದ. ಮೊದಲು ನರ್ಸ್ ಬಾಗಿಲು. ‘ನಾನು ಬಂದು ಎರಡು ವರ್ಷ ಸರ್. ಬಂದ ದಿನದಿಂದ ಭೀಮಬಾಯಿ ಅವರು ಗೊತ್ತು. ಮುಂಚೆ ಈ ರೂಮಲ್ಲಿದ್ದ ಬ್ಯಾಂಕಿನವರು ಬೀಗದ ಕೈ ಕೊಡುವಾಗಲೇ ಹೇಳಿಹೋದ್ರು, ನಲ್ಲಿ ನೀರು ದಿನ ಬಿಟ್ಟು ದಿನ, ರೊಟ್ಟಿ ಎದುರುಮನೆ ಅಂತ.’

ಗುಮಾಸ್ತ ಬರೆಯುವುದನ್ನು ನಿಲ್ಲಿಸಿದ. ‘ಆ ಬ್ಯಾಂಕಿನವರ ನಂಬರ್ ಇದೆಯಾ?’

ಇತ್ತು. ಹಾಸನದಲ್ಲಿದ್ದ ಬ್ಯಾಂಕಿನವರು ಸ್ಪೀಕರಿನಲ್ಲಿ, ‘ಭೀಮಬಾಯಿ ಹೇಗಿದಾರೆ? ಇಲ್ಲಿ ರೊಟ್ಟಿ ಅಂದ್ರೆ ಅಕ್ಕೀದು ಕೊಡ್ತಾರೆ ಸರ್, ನನಗೆ ಅಭ್ಯಾಸವೇ ತಪ್ಪಿಹೋಗಿದೆ’ ಎಂದರು. ತಾವು ಆ ಕೋಣೆಯಲ್ಲಿ ಮೂರು ವರ್ಷ ಇದ್ದುದಾಗಿಯೂ, ತಮಗೆ ಭೀಮಬಾಯಿಯನ್ನು ತೋರಿಸಿಕೊಟ್ಟವರು ಹಿಂದಿನ ಬಾಡಿಗೆದಾರರಾದ ಕೃಷಿ ಇಲಾಖೆಯವರೆಂದೂ ಹೇಳಿ ಅವರ ನಂಬರ್ ಕೊಟ್ಟರು. ಕೃಷಿ ಇಲಾಖೆಯವರು ನಾಲ್ಕು ವರ್ಷ ಇದ್ದರಂತೆ. ಅವರಿಗೆ ಬೀಗದ ಕೈ ಮತ್ತು ಭೀಮಬಾಯಿಯನ್ನು ಒಪ್ಪಿಸಿ ಹೋದವರು ಈಗ ಸುರಪುರದಲ್ಲಿರುವ ಒಬ್ಬ ಹೆಡ್ ಕಾನ್‌ಸ್ಟೇಬಲ್. ಎರಡು ಮತ್ತು ಮೂರು ಐದು, ಐದು ಮತ್ತು ನಾಲ್ಕು ಒಂಬತ್ತು ಎಂದು ಗುಮಾಸ್ತ ಬೆರಳು ಮಡಿಸುತ್ತಿದ್ದ. ಬಾಗಿಲುಗಳಿಂದ ಒಬ್ಬೊಬ್ಬರೇ ಹೊರಬಂದು ಸುತ್ತ ನಿಂತರು. ಸುರಪುರದ ಫೋನು ಬಹಳ ಹೊತ್ತು ರಿಂಗಾಯಿತು. ಭೀಮಬಾಯಿ ತನ್ನ ಹೊಸ್ತಿಲಲ್ಲಿ ಹಿಟ್ಟಿನ ಕೈ ಹಾಗೇ ಹಿಡಿದುಕೊಂಡು ನಿಂತಿದ್ದಳು.

‘ಯಾರು?’ ಎಂದಿತು ದಪ್ಪ ದನಿ. ವಿಷಯ ಹೇಳಿದಾಗ ನಗೆ. ‘ಅಲ್ರಿ, ಭೀಮಕ್ಕನ್ನ ಕೇಳಾಕತ್ತೀರಿ? ನಾ ಆ ಖೋಲಿ ಹಿಡದ ದಿನ ಕಸಬರಗಿ ಇರಲಿಲ್ಲ, ಆಕಿನೇ ಬಂದು ಕಸಾ ಹೊಡದು ಕೊಟ್ಟಾಳ. ಐದ್ ವರ್ಷ ಆಕಿ ರೊಟ್ಟಿ ಮ್ಯಾಲ ಬದುಕೀನಿ. ಆಕಿಗೆ ಏನರ ಆತೇನು? ಬರ್ಲೇನು?’

ಒಂಬತ್ತು ಮತ್ತು ಐದು ಹದಿನಾಲ್ಕು. ಯಾವೊಬ್ಬರೂ ಹತ್ತು ವರ್ಷ ನಿಲ್ಲದ ಕೋಣೆಯೊಂದರ ನಾಲ್ವರು ಬಾಡಿಗೆದಾರರು ಸೇರಿ ಒಬ್ಬ ಖಾಯಂ ನಿವಾಸಿಯನ್ನು ಸಾಬೀತು ಮಾಡಿದ್ದರು. ಗುಮಾಸ್ತ ಪಂಚನಾಮೆಯ ಹಾಳೆ ತೆಗೆದ. ಅವನ ಅಕ್ಷರ ಅವನಿಗೇ ಓದಲು ಬರದಂಥದು, ಆದ್ದರಿಂದ ಅವನು ಹೇಳುತ್ತ ಹೋದ, ನಾನು ಬರೆಯುತ್ತ ಹೋದೆ. ಕೆಳಗೆ ನರ್ಸ್ ಕನ್ನಡದಲ್ಲಿ, ಕಿರಾಣಿಯವ ತೆಲುಗಿನಲ್ಲಿ, ಗ್ರಾನೈಟಿನವರು ಹಿಂದಿಯಲ್ಲಿ ಸಹಿ ಮಾಡಿದರು. ಮೀನಿನಜ್ಜಿ ಹೆಬ್ಬೆಟ್ಟು ಒತ್ತಿದಳು. ನಾನು ಸಾಕ್ಷಿಯಲ್ಲ, ಬರೆದವನಷ್ಟೆ. ಹೋಗುವಾಗ ಗುಮಾಸ್ತ ನನ್ನನ್ನು ಪಕ್ಕಕ್ಕೆ ಕರೆದು, ‘ಸರ್, ಈ ಓಣಿಯಲ್ಲಿ ಎಲ್ಲಾದರೂ ರೂಮ್ ಖಾಲಿ ಆಗೋ ಹಂಗಿದ್ರೆ ಹೇಳ್ತೀರಾ? ನಾನಿನ್ನೂ ಲಾಡ್ಜಲ್ಲೇ ಇದೀನಿ’ ಎಂದ.

ಭೀಮಬಾಯಿಗೆ ಮನೆ ಸಿಕ್ಕಿತು. ಎರಡನೆಯ ಮಹಡಿ, ಒಲೆ ಹಚ್ಚುವಂತಿಲ್ಲ, ಗ್ಯಾಸಿನ ಮೇಲೆ ಬಡಿದ ರೊಟ್ಟಿಯ ಬಗ್ಗೆ ಅವಳಿಗೇ ತಕರಾರಿದೆ. ಆದರೆ ಬಾಗಿಲ ಮೇಲೆ ಅವಳದೇ ಹೆಸರಿನ ನಂಬರು. ಮೊದಲ ಸಲ ಹೋದಾಗ ಕೋಣೆ, ಅಡುಗೆಮನೆ, ಬಚ್ಚಲು ಎಂದು ಬಿಡಿಬಿಡಿಯಾಗಿ ತೋರಿಸಿ, ‘ಇಲ್ಲಿ ಯಾವ ಮಂದಿ ಅಂತ ಕೇಳಾಕ ಮಾಲಕನೇ ಇಲ್ರಿ ಸರ’ ಎಂದಳು. ಅದೇ ವಾರ ಜೆಸಿಬಿ ಬಂತು. ಎರಡು ತಿಂಗಳಲ್ಲಿ ನರ್ಸಿಗೆ ವರ್ಗವಾಯಿತು, ಗ್ರಾನೈಟಿನವರು ಬೇರೆ ಕಟ್ಟಡ ಹಿಡಿದು ಹೋದರು, ಹೊಸಬರು ಬಂದರು.

ಈ ಪ್ರಕರಣದಿಂದ ನನಗೊಂದು ಅಭಿಮಾನ ಹುಟ್ಟಿತು. ಊರಿನ ಸುದ್ದಿ ಬರೆಯುವವನ ವೋಟು ಅದೇ ಊರಿನಲ್ಲಿರಬೇಕು ಎಂದುಕೊಂಡು ಹೆಸರು ವರ್ಗಾಯಿಸಲು ಅರ್ಜಿ ಹಾಕಿದೆ. ಹೆಂಡತಿ ಅಡ್ಡಿ ಮಾಡಲಿಲ್ಲ. ‘ಹಾಕ್ರಿ. ಇಲ್ಲಿ ಮಂದೀನೂ ಐತಾರಕ್ಕೊಮ್ಮೆ ಬರೋ ಬೀಗರು ಅಂತಾರ ನಿಮ್ಮನ್ನ’ ಎಂದಳು. ಮತದಾರರ ಪಟ್ಟಿಯ ಕೆಲಸವನ್ನೂ ಹೊತ್ತಿದ್ದ ಅಂಗನವಾಡಿ ಟೀಚರಮ್ಮ ಪರಿಶೀಲನೆಗೆ ಬಂದ ದಿನ ನಾನು ಸುದ್ದಿಯೊಂದಕ್ಕೆ ಗುರುಮಠಕಲ್ ಕಡೆ ಹೋಗಿದ್ದೆ. ಬಾಗಿಲಿಗೆ ಬೀಗ. ಹೊಸಬರಿಗೆ ನನ್ನ ಪರಿಚಯವಿರಲಿಲ್ಲ. ಉಳಿದ ಹಳಬರಾದ ಕಿರಾಣಿಯ ದಂಪತಿ ಮಾತ್ರ ಚೆನ್ನಾಗಿ ಬಲ್ಲೆವೆಂದರಂತೆ: ಆ ಸರ್ ಕಚೇರಿಯವರು, ನೋಟ್‌ಬುಕ್ಕು ಹಿಡಿದು ಸರ್ವೇಗೆ ಬರುತ್ತಾರೆ, ಇಲ್ಲಿರುವವರಲ್ಲ. ಅರ್ಜಿ ತಿರಸ್ಕೃತವಾಯಿತು. ವರದಿಯನ್ನು ತರಿಸಿ ಓದಿದೆ. ಸ್ಥಳಕ್ಕೆ ಹೋಗಿದ್ದಾರೆ, ವಿಚಾರಿಸಿದ್ದಾರೆ, ಹೇಳಿದ್ದನ್ನಷ್ಟೇ ಬರೆದಿದ್ದಾರೆ. ನನ್ನ ಕೈಕೆಳಗೆ ವರದಿಗಾರರಿದ್ದು ಅಷ್ಟು ಅಚ್ಚುಕಟ್ಟಾಗಿ ಬರೆದಿದ್ದರೆ ನಾನು ಬೆನ್ನು ತಟ್ಟುತ್ತಿದ್ದೆ.

ಟೀಚರಮ್ಮನನ್ನು ಹುಡುಕಿಕೊಂಡು ಹೋಗಿ, ನನ್ನನ್ನು ಹದಿಮೂರು ವರ್ಷ ದಿನಾ ಬೆಳಿಗ್ಗೆ ನೋಡಿದವಳೊಬ್ಬಳು ಇದ್ದಾಳೆ, ಭೀಮಬಾಯಿ ಅಂತ, ಬೇಕಾದರೆ ಈಗಲೇ ಬಂದು ಹೇಳುತ್ತಾಳೆ ಎಂದೆ. ಆಕೆ ರಿಜಿಸ್ಟರು ತೆಗೆದು ಬೆರಳಾಡಿಸಿ, ‘ಆಕಿ ಈಗ ಈ ಓಣಿಯಾಕಿ ಅಲ್ಲಲ್ರಿ ಸರ. ಓಣ್ಯಾಗ ಇದ್ದವರೇ ಹೇಳಬೇಕ್ರಿ’ ಎಂದಳು. ಭೀಮಬಾಯಿಯನ್ನು ಈ ಓಣಿಯಿಂದ ದಾಟಿಸಿದ ಕಾಗದ ಮೊದಲ ಸಾಲಿನಿಂದ ಕೊನೆಯ ಸಾಲಿನವರೆಗೆ ನನ್ನದೇ ಕೈಬರಹದಲ್ಲಿದೆ.